ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದ ಕೋಚ್

ಅವರ ಎಡಗಿವಿ ಹಿಂಡಿ ಎಸೆದ ಬಟ್ಟೆಯಂತೆ ಮುದುಡಿಕೊಂಡಿತ್ತು. ಹದಿಹರೆಯದಲ್ಲಿ ಚೆಂಡು ಬಡಿದು ಹಾಗಾದದ್ದಂತೆ. ಆ ಕಿವಿ ಕೇಳಿಸುತ್ತಿರಲಿಲ್ಲ. ಬಲಗಿವಿಯೇ ಎರಡರ ಕೆಲಸವನ್ನೂ ಮಾಡುತ್ತಿತ್ತು.

ಒಸಾಕಾದ ಅಂಚಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಸಾಫ್ಟ್‌ಬಾಲ್ ಕೋಚ್. ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶಬ್ದದ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೆ. ಶಾಲೆಯ ಪಕ್ಕ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನವರು ಅಭ್ಯಾಸದ ಗದ್ದಲ ತಾಳಲಾರೆವೆಂದು ದೂರು ಕೊಟ್ಟಿದ್ದರು. ಸದ್ದು ಅಳೆದು ವರದಿ ಕೊಡಲು ವಿಶ್ವವಿದ್ಯಾಲಯದವರು ನನ್ನನ್ನು ಕಳಿಸಿದರು. ವರದಿ ಕೆಟ್ಟದಾಗಿ ಬಂದರೆ ಸಂಜೆಯ ಅಭ್ಯಾಸ ನಿಂತೇ ಹೋಗುತ್ತಿತ್ತು.

ಮೊದಲ ದಿನವೇ ಅವರು ನನ್ನ ಮೈಕಿನ ಸ್ಟ್ಯಾಂಡ್ ಎತ್ತಿ ಗೇಟಿನಾಚೆ ಇಟ್ಟರು. "ಇಲ್ಲಿ ಕೇಳಿಸ್ಕೊಳ್ಳೋಕೆ ನಾನಿದ್ದೀನಿ, ಮೈಕ್-ಸಾನ್. ನಿಮ್ಮ ಯಂತ್ರ ಬೇಡ." ಮೈಕ್-ಸಾನ್ ಅಂದರೆ ಮೈಕಿನವರು; ಕೊನೆಯವರೆಗೂ ಅವರು ನನ್ನ ಹೆಸರು ಹಿಡಿದು ಕರೆಯಲಿಲ್ಲ. ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಮುಖ್ಯೋಪಾಧ್ಯಾಯಿನಿಗೆ ಹೇಳಿ ಸ್ಟ್ಯಾಂಡನ್ನು ಮತ್ತೆ ಒಳಗೆ ತರಿಸಿದೆ.

ಅವರು ಮೈದಾನಕ್ಕೆ ಬೆನ್ನು ಹಾಕಿ, ಬಲಗಿವಿಯನ್ನು ಕೊಂಚ ಹಿಂದಕ್ಕೆ ಕೊಟ್ಟು ನಿಲ್ಲುತ್ತಿದ್ದರು. ಚೆಂಡು ಗ್ಲೌಸಿನ ನಡುವೆ ಬಿದ್ದರೆ ಒಂದು ಸದ್ದು, ಬೆರಳ ಬುಡಕ್ಕೆ ಬಿದ್ದರೆ ಇನ್ನೊಂದು. ತಿರುಗದೆಯೇ ಬೈಯುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಹುಡುಗಿಯರ ಓಟ ನಿಲ್ಲಿಸಿ ಒಬ್ಬಳತ್ತ ಬೆರಳು ತೋರಿಸಿದರು. "ಬಲಗಾಲು. ಶೂ ಬಿಚ್ಚು." ಹಿಮ್ಮಡಿಯ ಮೇಲೆ ಊದಿಕೊಂಡಿತ್ತು, ವಾರದಿಂದ ಮುಚ್ಚಿಟ್ಟಿದ್ದಳು. ಆ ರಾತ್ರಿ ನನ್ನ ರೆಕಾರ್ಡಿಂಗನ್ನು ಎಂಟು ಹತ್ತು ಸಲ ಹಾಕಿ ಕೇಳಿದೆ. ಬಲಗಾಲಿನ ಹೆಜ್ಜೆ ಕೂದಲೆಳೆಯಷ್ಟು ಹಗುರವಾಗಿತ್ತು. ನನಗೆ ಹೊಟ್ಟೆ ಉರಿಯಿತು.

ಅವರು ಈಶಾನ್ಯದ ಕರಾವಳಿಯವರೆಂದು ಆಮೇಲೆ ತಿಳಿಯಿತು. ಸುನಾಮಿಯ ನಂತರ ಅವರ ಶಾಲೆಯ ಮೈದಾನದ ತುಂಬ ನಿರಾಶ್ರಿತರಿಗೆ ತಾತ್ಕಾಲಿಕ ಮನೆಗಳು ಎದ್ದವು, ತಂಡ ಚದುರಿತು, ಇವರು ತಂಗಿಯ ಊರೆಂದು ಒಸಾಕಾಕ್ಕೆ ಬಂದರು. ಇದು ಗೊತ್ತಾದ ಮೇಲೆ ನನಗೆ ಕನಿಕರ ಹುಟ್ಟಿತೆಂದರೆ ಸುಳ್ಳಾಗುತ್ತದೆ.

ಅಳತೆ ಮಿತಿ ಮೀರಿಯೇ ಬರುತ್ತಿತ್ತು, ಇನ್ನು ಮೂರು ದಿನದ ಅಳತೆ ಮಾತ್ರ ಉಳಿದಿತ್ತು. ನನ್ನ ವರದಿಯಿಂದ ಹುಡುಗಿಯರ ಆಟ ನಿಲ್ಲುತ್ತದಲ್ಲ ಎಂದು ಮನೆಯಲ್ಲಿ ಹೇಳಿಕೊಂಡೆ. ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಷ್ಟಕ್ಕೆಲ್ಲಾ ಯಾಕೆ ಟೆನ್ಷನ್? ಮೂರು ದಿನ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನು. ರೀಡಿಂಗ್ ಕಮ್ಮಿ ಬರತ್ತೆ, ಅವ್ರೂ ಬಚಾವ್, ನೀನೂ ಬಚಾವ್" ಎಂದ.

ಅದನ್ನೇ ಮುಖ್ಯೋಪಾಧ್ಯಾಯಿನಿಗೆ ಹೇಳಿದೆ. ನಮ್ಮಲ್ಲಾದರೆ ಇಂಥ ಮಾತಿಗೆ ಒಂದಿಷ್ಟು ದನಿ ತಗ್ಗಿಸಿ, ಬೇಕಾದಲ್ಲಿ ಕೂಗಿ ಎಂದೇ ಅರ್ಥ. ಅಲ್ಲಿ ಅದು ಮುದ್ರೆ ಬಿದ್ದ ನೋಟೀಸಾಯಿತು: ಮೂರು ದಿನ ಮೈದಾನದಲ್ಲಿ ಯಾರೂ ದನಿ ಎತ್ತುವಂತಿಲ್ಲ. ಕೋಚ್ ಅದನ್ನು ಓದಿ ನೇರ ನನ್ನ ಬಳಿ ಬಂದರು.

"ಇದು ನಿಮ್ಮ ಬುದ್ಧೀನಾ?"

"ಶಾಲೆಯ ನಿರ್ಧಾರ."

"ಕೂಗ್ದೇ ಇದ್ರೆ ಯಾರು ಎಲ್ಲಿದ್ದಾರೆ ಅಂತ ಅವ್ರಿಗೆ ಹೇಗೆ ಗೊತ್ತಾಗ್ಬೇಕು?"

ನಾನು ಮೈಕಿನ ವಯರ್ ಸರಿಮಾಡುತ್ತ ನಿಂತೆ. ಮುಂದಿನ ವಾರವೇ ಪಂದ್ಯವಿತ್ತು, ಅಭ್ಯಾಸ ಬಿಡುವಂತಿರಲಿಲ್ಲ. ಶಾಲೆಯ ಆದೇಶ ಮೀರುವುದೂ ಅವರಿಂದಾಗಲಿಲ್ಲ.

ಚೆಂಡು ಮೇಲಕ್ಕೆ ಹಾರಿದಾಗ ಹಿಡಿಯುವವಳು "ಓರೈ!" ಎಂದು ಕೂಗಬೇಕು. ನನ್ನದು, ಸರಿಯಿರಿ ಎಂದು ಅದರರ್ಥ. ಎರಡನೆಯ ದಿನ ಇಬ್ಬರ ನಡುವೆ ಚೆಂಡು ಇಳಿಯುತ್ತಿತ್ತು. ಇಬ್ಬರೂ ಮೇಲೆ ನೋಡುತ್ತ ಓಡಿದರು, ಇಬ್ಬರೂ ಬಾಯಿ ಬಿಡಲಿಲ್ಲ. ನನ್ನ ಹೆಡ್‌ಫೋನಿನಲ್ಲಿ ಎರಡು ಜೊತೆ ಶೂಗಳ ಸದ್ದು ಹತ್ತಿರ ಹತ್ತಿರ ಬಂದು ಒಂದಾಗುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನೂ ಕೂಗಲಿಲ್ಲ. ಬೆನ್ನು ಹಾಕಿ ನಿಂತಿದ್ದ ಕೋಚ್ ಮಾತ್ರ ತಿರುಗಿ "ನಿಲ್ಲಿ!" ಎಂದು ಅರಚಿದರು. ಅಷ್ಟರಲ್ಲಿ ಒಬ್ಬಳ ದವಡೆ ಮುರಿದಿತ್ತು.

ಪೋಷಕರ ಸಭೆಯಲ್ಲಿ ಅವರು ಸೊಂಟದವರೆಗೆ ಬಾಗಿ, "ತಪ್ಪು ನನ್ನದು" ಎಂದು ಕೆಲಸ ಬಿಟ್ಟರು. ನೋಟೀಸಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ, ಬಾಯಿಗೆ ಬೀಗ ಹಾಕಿಕೊಂಡು. ಆ ಹೇಡಿತನಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ತಿಂಗಳಾದ ಮೇಲೆ ಸಿಹಿತಿಂಡಿಯ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದರು. ಎಲ್ಲ ಹೇಳಿ, ಸುಮಿಮಾಸೆನ್, ಕ್ಷಮಿಸಿ ಎಂದೆ. ಅವರು ಡಬ್ಬಿಯನ್ನು ನನ್ನ ಕಡೆಗೇ ತಳ್ಳಿದರು.

"ನನ್ಹತ್ರ ಹೇಳಿ ಏನಾಗ್ಬೇಕು? ದವಡೆ ಮುರಿದವಳಿಗೆ ಗುದ್ದಿದ ಹುಡುಗಿ ತನ್ನಿಂದ್ಲೇ ಆಯ್ತು ಅಂತ ಗ್ಲೌಸ್ ಮುಟ್ತಿಲ್ಲ. ಇದನ್ನ ಅಲ್ಲಿಗೆ ತಗೊಂಡ್ಹೋಗಿ. ಈವತ್ತೇ." ವಿಳಾಸ ಬರೆದುಕೊಟ್ಟು ಬಾಗಿಲು ಮುಚ್ಚಿಕೊಂಡರು.

ಹೋದೆ. ತಾಯಿಯ ಪಕ್ಕ ಕೂತು ಆ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. "ಕೂಗಬೇಡಿ ಅಂತ ಹೇಳಿಸಿದ್ದು ನೀವಾ?" ಎಂದಳು. "ಹೌದು, ನಾನೇ." ಅವಳು ಎದ್ದು ಒಳಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ನನ್ನನ್ನು ಬಾಗಿಲವರೆಗೂ ಬಂದು ಕಳಿಸಿಕೊಡಲಿಲ್ಲ. ಹದಿನೈದು ದಿನಕ್ಕೆ ಅವಳು ಮೈದಾನಕ್ಕೆ ಮರಳಿದಳೆಂದು ತಿಳಿಯಿತು. ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದೆ. ಅದನ್ನೋದಿ ದೂರು ಕೊಟ್ಟವರೂ ಪಟ್ಟು ಬಿಟ್ಟರು; ಅಭ್ಯಾಸ ಉಳಿಯಿತು, ಕೂಗೂ ಉಳಿಯಿತು, ಆದರೆ ಕೋಚನ್ನು ಯಾರೂ ವಾಪಸ್ ಕರೆಯಲಿಲ್ಲ.

ಅದಾದ ಎರಡನೆಯ ಚಳಿಗಾಲದಲ್ಲಿ ಕೋಚ್ ತೀರಿಕೊಂಡರು. ನನ್ನನ್ನು ಕ್ಷಮಿಸಲಿಲ್ಲ, ಕ್ಷಮಿಸಬೇಕಾಗಿಯೂ ಇರಲಿಲ್ಲ. ಅವರು ಕಳಿಸದಿದ್ದರೆ ಆ ಹುಡುಗಿಯ ಮನೆಗೆ ನಾನು ಹೋಗುತ್ತಿರಲಿಲ್ಲ. ಅದು ನನಗೆ ಗೊತ್ತು, ಅವರಿಗೂ ಗೊತ್ತಿತ್ತು.