ತಾಯಣ್ಣನ ಕೌಜುಗ, ಎಂಕಪ್ಪನ ಬುರ್ಲಿ

ಮಕ್ತಲ್ ಸುತ್ತಿನ ಹೊಲಗಳಲ್ಲಿ ಹಕ್ಕಿ ಹಿಡಿದು ಬದುಕುತ್ತಿದ್ದ ತಾಯಣ್ಣನಿಗೆ ಬುರ್ಲಿ ಹಕ್ಕಿ ಎಂದರೆ ಓಕರಿಕೆ. ಯಾರಾದರೂ ಆ ಹೆಸರೆತ್ತಿದರೆ ಮೊದಲು ಉಗುಳು, ಆಮೇಲೆ ಮಾತು.

"ಥೂ, ಅದೂ ಒಂದು ಹಕ್ಕಿಯೇನೋ? ಹುಲ್ಲಾಗ ಮುದುಡಿಕೊಂಡು ಕುಂದರತೈತಿ. ಮೈಮ್ಯಾಗ ಕಾಲು ಬಿದ್ದರಷ್ಟ ಬುರ್ ಅಂತ ಏಳತೈತಿ. ಕೌಜುಗ ನೋಡು, ಕಾಲಿಗೆ ಮುಳ್ಳು, ಎದಿ ಮುಂದ. ಇನ್ನೊಂದು ಹುಂಜ ಕೂಗಿದರ ಎದುರಿಗೆ ಹೋಗಿ ನಿಂದ್ರತೈತಿ!"

ಕೌಜುಗದ ಆ ಜಗಳಗಂಟತನವೇ ತಾಯಣ್ಣನ ಅನ್ನ. ಸಾಕಿದ ಕೌಜುಗದ ಹುಂಜವನ್ನು ಪಂಜರದಲ್ಲಿಟ್ಟು ಬದುವಿನ ಮೇಲೆ ಕೂಗಿಸುತ್ತಿದ್ದ. ನನ್ನ ಹೊಲಕ್ಕೆ ಬಂದವನ್ಯಾರು ಎಂದು ಕಾಡು ಹುಂಜ ಎಗರಿ ಬಂದು ಸುತ್ತಲಿನ ಉರುಲಿಗೆ ಬೀಳುತ್ತಿತ್ತು. ಸಾಕಿದ ಹುಂಜಕ್ಕೆ ಸುಬೇದಾರ ಎಂದು ಹೆಸರು. ತಾಯಣ್ಣನ ನಡಿಗೆಯೂ ಅದರದ್ದೇ. ಬುರ್ಲಿಗೆ ಬಲೆ ಹಾಸುತ್ತಿದ್ದ ಹೆಂಡತಿ ಆಶಮ್ಮನ ತಮ್ಮ ಎಂಕಪ್ಪನನ್ನು ಆತ ಗಂಡಸರ ಲೆಕ್ಕಕ್ಕೇ ಹಿಡಿದಿರಲಿಲ್ಲ.

೧೯೪೮ರ ಪೊಲೀಸ್ ಕಾರ್ಯಾಚರಣೆಯ ಆ ಸೆಪ್ಟೆಂಬರಿನಲ್ಲಿ ಭಾರತದ ಫೌಜು ಬರುತ್ತದೆಂದು ಊರೆಲ್ಲ ಗುಸುಗುಸು.

"ಇವತ್ತು ಹೊಲಕ್ಕ ಹೋಗಬ್ಯಾಡ ಮಾಮಾ," ಎಂದ ಎಂಕಪ್ಪ.

"ಲೇ ಬುರ್ಲಿ, ಫೌಜು ನನಗ ಸಲಾಂ ಹೊಡದು ಮುಂದ ಹೋಗತೈತಿ, ನೋಡ್ತಿರು."

ರಾಯಚೂರು ರಸ್ತೆಯಲ್ಲಿ ಲಾರಿಗಳು ಗುರುಗುಟ್ಟಿದ್ದು ಕೇಳಿದ್ದೇ ತಡ, ತಾಯಣ್ಣ ಸಜ್ಜೆ ಹೊಲದೊಳಗೆ ಬಿದ್ದು ಮುದುಡಿದ. ಪಂಜರ ಬದುವಿನ ಮೇಲೇ ಉಳಿಯಿತು. ಸುಬೇದಾರ ಲಾರಿಗಳಿಗೇ ಸವಾಲು ಹಾಕಿ ಕೂಗತೊಡಗಿತು. ಒಂದು ಲಾರಿ ನಿಂತು, ಬೂಟುಗಳು ಇಳಿದವು, ಪಂಜರ ಮೇಲೆದ್ದಿತು. ತಾಯಣ್ಣ ಸಜ್ಜೆ ಬುಡಕ್ಕೆ ಇನ್ನಷ್ಟು ಒತ್ತಿಕೊಂಡ.

"ನಕ್ಕೋ ಸಾಬ್, ಪಾಲೇಸೋ ಹೈ!" ಬೇಡ, ಸಾಕಿದ ಹಕ್ಕಿ ಎನ್ನುತ್ತ, ಮಾಮ ಮಾತು ಕೇಳದ್ದಕ್ಕೆ ಹಿಂದೆಯೇ ಬಂದು ಪಕ್ಕದ ಹೊಲದಲ್ಲಿ ಬಲೆ ಹಾಸಿದ್ದ ಎಂಕಪ್ಪ ಓಡಿಬಂದು ಪಂಜರ ಹಿಡಿದುಕೊಂಡ. ಅದರ ಬದಲಿಗೆ ತಾನು ಹಿಡಿದಿದ್ದ ಬುರ್ಲಿಗಳ ಚೀಲವನ್ನೇ ಕೊಟ್ಟ. ಸಿಪಾಯಿಗಳು ನಗುತ್ತ ಹೊರಟುಹೋದರು.

ಆಮೇಲೆ ಮಾಮನನ್ನು ಹುಡುಕುತ್ತ ಸಜ್ಜೆಯೊಳಗೆ ನುಗ್ಗಿದ ಎಂಕಪ್ಪನ ಕಾಲು ತಾಯಣ್ಣನ ಬೆನ್ನ ಮೇಲೆ ಬಿತ್ತು. ತಾಯಣ್ಣ ಚೀರಿ, ಮೈತುಂಬ ಕೆಸರಿನೊಂದಿಗೆ ಎದ್ದ.

"ಹಿಂಗ ಏಳೋ ಹಕ್ಕಿ ಯಾವುದು ಮಾಮಾ?"

ಸಂಗತಿ ಕೇಳಿದ ಆಶಮ್ಮ ಗಂಡನ ಕಡೆ ನೋಡಲೂ ಇಲ್ಲ. "ಎಂಕಪ್ಪಾ, ಪಂಜರ ನಿಮ್ಮ ಮನ್ಯಾಗ ತೂಗು ಹಾಕು. ನಿನ್ನ ಬಲೆ ಇಲ್ಲಿ ಇಡು. ಯಾರಿಗೆ ಯಾವುದು ಒಪ್ಪತೈತೋ ಅದು ಇರಲಿ."

ಅಂದಿನಿಂದ ಬೆಳಗಾದರೆ ಗೋಡೆಯಾಚೆ ಎಂಕಪ್ಪನ ಮನೆಯಲ್ಲಿ ಸುಬೇದಾರ ಕೂಗುತ್ತಿತ್ತು. ಈಚೆ ತಾಯಣ್ಣ ಬಲೆ ಹೆಗಲಿಗೇರಿಸಿ ಹೊಲಕ್ಕೆ ಹೋಗಿ, ಸತ್ತ ಇಲಿ ಎತ್ತುವವನಂತೆ ಬೆರಳ ತುದಿಯಲ್ಲಿ ಬುರ್ಲಿಗಳನ್ನು ಬಿಡಿಸಿ, ಮುಖ ಹಿಂಡಿ ಉಗುಳುತ್ತಿದ್ದ. ಯಾರಿಗೆ ಉಗುಳಿದ್ದು ಎಂದು ಕೇಳಿದರೆ ಮಾತ್ರ ಬಾಯಿ ಒರೆಸಿಕೊಳ್ಳುತ್ತಿದ್ದ.