ನಾಲ್ಕು ಮೂಲೆ ಹಿಡಿದವರು

ಬ್ಯಾಡಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಪ್ಪನಿಗೆ ೨೦೦೭ರಲ್ಲಿ ಲಕ್ವಾ ಹೊಡೆಯಿತು. ದಿನಾ ನಿಲ್ಲಿಸಿ ರೂಢಿ ಮಾಡಿಸಿರಿ ಎಂದರು ಹಾವೇರಿಯ ಡಾಕ್ಟರು. ಮುಂಜಾನೆ ನಾವು ನಾಲ್ವರು ಅಣ್ಣತಮ್ಮಂದಿರು ಸುತ್ತಲೂ ನಿಂತು ಹಿಡಿಯುತ್ತಿದ್ದೆವು.

ಒಮ್ಮೆ ಹಾಗೆ ನಿಂತಾಗ ಅಪ್ಪ ತೊದಲುತ್ತಲೇ ಪಾಠ ತೆಗೆದರು. "ನೂರು ವರ್ಷದ ಹಿಂದ ಫ್ರಾನ್ಸಿನಾಗ ಹೆಲಿಕಾಪ್ಟರ್ ಮೊದಲನೇ ಸಲ ಮನಷ್ಯಾನ್ನ ಹೊತ್ತು ಎರಡು ಅಡಿ ಎದ್ದಾಗ, ನಾಲ್ಕು ಮೂಲಿಗೆ ನಾಲ್ಕು ಮಂದಿ ಹಿಡಕೊಂಡಿದ್ರು. ಎತ್ತಾಕಲ್ಲ, ವಾಲಬಾರದಂತ ಅಷ್ಟ. ಎದ್ದಿದ್ದು ಅದು ತಾನಾಗೇ."

"ಮೊದಲ ನೆಟ್ಟಗ ನಿಂದರ್ರಿ ಅಪ್ಪಾ, ಪಾಠ ಸಾಕು" ಎಂದು ನಾನು ರೇಗಿದೆ. ಅಪ್ಪ ಮತ್ತೆ ಪಾಠ ಹೇಳಲಿಲ್ಲ.

ವಾರದೊಳಗೆ ತೀರಿಕೊಂಡರು. ಚಟ್ಟದ ನಾಲ್ಕು ಮೂಲೆಗೂ ನಾವೇ ನಿಂತೆವು. ಅಪ್ಪ ತಾವಾಗಿ ಒಂದು ಗೇಣೂ ಏಳಲಿಲ್ಲ. ನಾವೇ ಎತ್ತಬೇಕಾಯಿತು.