ಸ್ಟೋರಿನ ಸಾದಾ ಕೇಬಲ್ಲು

ರಜಿಯಾ ಅಕ್ಕಾ, ತಪ್ಪು ನಿಮ್ಮದಲ್ಲ, ಕೇಬಲ್ಲಿನದು — ಅದನ್ನು ಆರಿಸಿದವನು ನಾನು. ನಿಮ್ಮನ್ನು ಕೆಲಸದಿಂದ ತೆಗೆದ ದಿನವೂ ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ವರ್ಷಗಳೇ ಆದವು.

ಕೊರ್ಲಿಮ್‌ನ ನಮ್ಮ ಔಷಧದ ಫ್ಯಾಕ್ಟರಿಗೆ ಬಾಟಲಿ ಮುಚ್ಚಳ ನೋಡುವ ಹೊಸ ಕ್ಯಾಮೆರಾ ಬಂದಾಗ ವೈರಿಂಗ್ ನನ್ನ ಪಾಲಿಗೆ ಬಂತು. ಪರದೆಯ ಮೇಲಿನ ಚಿತ್ರ ನೋಡಿ ಕೆಟ್ಟ ಬಾಟಲಿ ತೆಗೆಯುವುದು ನಿಮ್ಮ ಕೆಲಸ. ಆ ಕ್ಯಾಮೆರಾ ಇಡೀ ದಿನ ಮೇಲೆ ಕೆಳಗೆ ಓಡಾಡುವಂಥದ್ದು, ಅದರ ಕೇಬಲ್ಲೂ ಅಷ್ಟೇ ಸಲ ಬಾಗಬೇಕು. ಹಾಗೆ ಬಾಗಿ ಬಾಗಿ ತಡೆಯುವ ಕೇಬಲ್ಲೇ ಬೇರೆ. ತರಿಸಿದರೆ ಚೌತಿ ದಾಟಿ ಬರುತ್ತಿತ್ತು. ನಾನೋ — ಚೌತಿ ರಜೆಗೆ ಮೊದಲೇ ಲೈನ್ ಓಡಿಸುತ್ತೇನೆಂದು ಸಾಹೇಬರ ಮುಂದೆ ಎದೆ ತಟ್ಟಿಕೊಂಡಿದ್ದೆ. ಸ್ಟೋರಿನಲ್ಲಿದ್ದ, ಆಫೀಸ್ ಕಂಪ್ಯೂಟರಿಗೆ ಹಾಕುವ ಸಾದಾ ಕೇಬಲ್ಲನ್ನೇ ಎಳೆದೆ. ಅದೂ ಸಾಲದೆಂದು — ಕರೆಂಟಿನ ಪ್ಯಾನೆಲ್ ಕೆಲಸದ ಚಾಳಿ, ಸಡಿಲ ಕಂಡರೆ ನನಗೆ ಮೈ ಉರಿಯುತ್ತದೆ — ಉದ್ದಕ್ಕೂ ಪ್ಲಾಸ್ಟಿಕ್ ಟೈ ಪಟ್ಟಿ ಹಾಕಿ, ಬಾಗಲು ಜಾಗವೇ ಇಲ್ಲದಂತೆ ಬಿಗಿದುಬಿಟ್ಟೆ. ನೋಡಲಿಕ್ಕೆ ಭಾಳ ಚೆಂದ. ಎಲ್ಲರೂ ಶಹಬ್ಬಾಸ್ ಅಂದರು, ಉಬ್ಬಿಹೋದೆ.

ಸ್ವಲ್ಪ ದಿನಕ್ಕೆ ನೀವೇ ಬಂದು ಹೇಳಿದಿರಿ: "ಬಸಣ್ಣಾ, ಒಮ್ಮೊಮ್ಮೆ ಹಳೀ ಚಿತ್ರಾನ ನಿಂತಿರ್ತೈತ್ರಿ. ಅಷ್ಟರಾಗ ಬ್ಯಾರೆ ಬಾಟ್ಲಿ ದಾಟಿ ಹೋಗಿರ್ತೈತಿ."

ಕೇಬಲ್ಲು ಒಳಗೊಳಗೇ ಮುರಿಯುತ್ತಿದೆ, ಅದಕ್ಕೇ ಹೊಸ ಚಿತ್ರ ಪರದೆಗೆ ಬರುತ್ತಿಲ್ಲ ಎಂದು ಆಗಲೇ ಹೊಳೆಯಿತು. ಆದರೂ ನಕ್ಕು, "ತೂಕಡಿಸಿರ್ಬೇಕು ನೋಡ್ರಿ" ಅಂದೆ. ಥೂ, ಎಂಥ ಮಾತು!

ಮುಚ್ಚಳ ಸಡಿಲಿದ್ದ ಬಾಟಲಿಗಳು ಹೊರಗೆ ಹೋಗಿ ದೂರು ಬಂದಾಗ ಸಾಹೇಬರು ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ನಾನೇ ಮೊದಲು ಬಾಯಿ ಹಾಕಿದೆ: "ಕ್ಯಾಮೆರಾ ಚಲೋ ಐತ್ರಿ ಸರ್. ನೋಡೋರು ನೋಡಿಲ್ಲ." ನೀವು ನನ್ನ ಮುಖ ನೋಡಿದಿರಿ. ನೀವೇನಾದರೂ ಅಂದಿದ್ದರೆ... ಇಲ್ಲ, ಅಂದಿದ್ದರೂ ನಾನು ಒಪ್ಪುತ್ತಿರಲಿಲ್ಲ. ನೀವು ಹೋದಮೇಲೆ ಒಂದು ಭಾನುವಾರ, ಯಾರೂ ಇಲ್ಲದಾಗ, ಸರಿಯಾದ ಕೇಬಲ್ಲು ಹಾಕಿ ಬಾಗಲು ಜಾಗ ಬಿಟ್ಟು ಕಟ್ಟಿದೆ. ಚಿತ್ರ ಮತ್ತೆಂದೂ ನಿಲ್ಲಲಿಲ್ಲ.

ಮೊನ್ನೆ ಡಿಚೋಲಿ ಬಜಾರಿನಲ್ಲಿ ಸಿಕ್ಕಿರಿ. ಬೈಯುತ್ತೀರಿ ಅಂದುಕೊಂಡೆ, ಚಹಾ ಕುಡಿಸಿದಿರಿ. ಹೊಲಿಗೆ ಕೆಲಸಕ್ಕೆ ಕರೆದರೂ ಹೋಗಲಿಲ್ಲವಂತೆ, ಈಗ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತೀರಂತೆ. ಯಾಕೆಂದು ಕೇಳಿದೆ.

"ನನ್ನ ಕಣ್ಣಿಗೇನೋ ಆಗೇತ್ರಿ ಬಸಣ್ಣಾ. ಡಾಕ್ಟರು ಚಲೋ ಅದಾವ ಅಂತಾರ, ನನಗ ನಂಬಿಕಿ ಇಲ್ಲ. ಚಿತ್ರ ನಿಂತಿತ್ತು ಅಂದದ್ದೂ ನನ್ನ ಭ್ರಮೀನ ಇರ್ಬೇಕು. ಅಷ್ಟು ಬಾಟ್ಲಿ ಕಾಣಲೇ ಇಲ್ಲಲ್ಲ!"

ಆಗಲೂ ನಾನು ಹೇಳಲಿಲ್ಲ ಅಕ್ಕಾ — ಸುತ್ತ ಜನ, ಪಕ್ಕದಲ್ಲಿ ನಿಮ್ಮ ಮಗಳು... ಎಲ್ಲ ನೆವ. ಹೆದರಿದೆ, ಅಷ್ಟೇ.

ನಾಳೆ ಸಾಹೇಬರ ಮುಂದೆ ಎಲ್ಲ ಹೇಳಿ ನಿಮ್ಮ ಮನೆಗೆ ಬರುತ್ತೇನೆ. ಕ್ಷಮೆ ಕೇಳಲು ನನಗೆ ಬಾಯಿಲ್ಲ. ಇಷ್ಟು ಮಾತ್ರ ನಂಬಿರಿ: ಆ ಬಾಟಲಿಗಳ ಚಿತ್ರ ನಿಮ್ಮ ಮುಂದೆ ಬರಲೇ ಇಲ್ಲ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅಕ್ಕಾ.